ಸ್ವರ್ಗೀಯ ಮಹಾರಾಜ ಭೋಜನಾಲಯ

ದಂಡಪಾಣಿ ರೇಗ್ಮಿ ರಾಜ್ಯಭಾರ ಮಾಡಿದ್ದು ಒಟ್ಟು ಮೂರು ಗಂಟೆ. ಆ ಅವಧಿಯಲ್ಲಿ ಅವನು ಯಾವ ಯುದ್ಧವನ್ನೂ ಸೋಲಲಿಲ್ಲ, ಕಂದಾಯ ಏರಿಸಲಿಲ್ಲ, ಯಾರ ಹೆಂಡತಿಯ ಮೇಲೂ ಕಣ್ಣು ಹಾಕಲಿಲ್ಲ. ಎಂಬತ್ತನಾಲ್ಕು ಬಗೆಯ ಅಡುಗೆ ಉಂಡ, ಹೇಸರಗತ್ತೆ ಹತ್ತಿದ, ಹೊಳೆ ದಾಟಿದ. ಸಿರ್ಮಕೋಟದ ಇನ್ನೂರು ವರ್ಷದ ಚರಿತ್ರೆಯಲ್ಲಿ ಇಷ್ಟು ನಿರುಪದ್ರವಿಯಾದ ಅರಸು ಇನ್ನೊಬ್ಬನಿಲ್ಲವೆಂದು ಘಾಟ್‌ಬಜಾರಿನ ಲಾರಿ ಡ್ರೈವರುಗಳು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ.

ಸಿರ್ಮಕೋಟವೆಂದರೆ ನೇಪಾಳದ ಪಶ್ಚಿಮ ಗುಡ್ಡಗಳಲ್ಲಿ ಹನ್ನೊಂದು ಹಳ್ಳಿ, ಒಂದು ಕೋಟೆ, ಒಂದು ತೂಗುಸೇತುವೆ. ಕಾಠ್ಮಂಡುವಿನ ದೊಡ್ಡ ರಾಜರು ಇಂಥ ಚಿಲ್ಲರೆ ರಾಜರುಗಳನ್ನು ಗರಿ ಟೋಪಿ, ಛತ್ರಿ ಕೊಟ್ಟು ಉಳಿಸಿಕೊಂಡಿದ್ದ ಕಾಲವದು. ದಂಡಪಾಣಿ ಆ ಕೋಟೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಸೌಟು ಹಿಡಿದಿದ್ದ. ಯುವರಾಜ ಕೀರ್ತಿಧ್ವಜ ಹುಡುಗನಾಗಿದ್ದಾಗಿನಿಂದ ಅವನ ತಟ್ಟೆಗೆ ಬಡಿಸಿದವನು ಇವನೇ. ಸುಟ್ಟ ಆಕ್ರೋಟನ್ನು ಅರೆದು, ನಾಲಿಗೆ ಜುಮ್ಮೆನ್ನಿಸುವ ಟಿಮುರ್ ಕಾಳು ಹಾಕಿ ಮಾಡುವ ಆಲೂಗಡ್ಡೆ ಉಪ್ಪಿನಕಾಯಿ ಇಲ್ಲದಿದ್ದರೆ ಯುವರಾಜರು ತಟ್ಟೆ ಎಸೆಯುತ್ತಿದ್ದರು. ಎಸೆಯುವುದರಲ್ಲಿ ಅವರಿಗೆ ಬಾಲ್ಯದಿಂದಲೂ ಗುರಿ ಚೆನ್ನಾಗಿತ್ತು.

ಇಪ್ಪತ್ತಾರು ವರ್ಷದ ಹಿಂದೆ ಹಳೆಯ ರಾಜ ಪಹಾಡಧ್ವಜರು ತೀರಿಕೊಂಡರು. ರಾಜ ಸತ್ತರೆ ಸಾಯುವುದಷ್ಟೇ ಸಾಲದು, ಊರು ಬಿಟ್ಟೂ ಹೋಗಬೇಕು. ಅದಕ್ಕೆ ಹನ್ನೊಂದನೆಯ ದಿನ ಒಬ್ಬ ಬ್ರಾಹ್ಮಣನಿಗೆ ಸತ್ತವರ ಬಟ್ಟೆ, ಜೋಡು, ಕನ್ನಡಕ ತೊಡಿಸಿ, ಛತ್ರಿ, ಬೆತ್ತ ಕೊಟ್ಟು, ‘ಕಾಟ್ಟೋ’ ಎಂಬ ಊಟ ಉಣ್ಣಿಸುತ್ತಾರೆ. ಉಂಡವನ ಮೈಯಲ್ಲಿ ಸತ್ತ ರಾಜ ಸೇರುತ್ತಾನೆ. ಅವನನ್ನು ಹೊಳೆಯಾಚೆ ಅಟ್ಟಿದ ಮೇಲೆಯೇ ಮಗನ ಗದ್ದುಗೆ ಭದ್ರ. ಅಟ್ಟಿಸಿಕೊಂಡವನು ಮತ್ತೆ ಹೊಳೆ ದಾಟುವಂತಿಲ್ಲ, ಕೋಟೆಯಲ್ಲಿ ಯಾರೂ ಅವನ ಹೆಸರೆತ್ತುವಂತಿಲ್ಲ. ಅವನ ಕೈಯ ಅನ್ನ ಉಂಡವರಿಗೂ ಅದೇ ಗತಿ.

ಆ ಸಲ ಗೊತ್ತುಮಾಡಿದ್ದ ಮುದಿ ಬ್ರಾಹ್ಮಣ ಎಂಬತ್ತನಾಲ್ಕು ಬಟ್ಟಲು ಸಾಲಾಗಿ ಇಟ್ಟದ್ದನ್ನು ನೋಡಿದವನೇ ಚೊಂಬು ಹಿಡಿದು ಬಯಲಿಗೆ ಹೋದ. ಚೊಂಬು ಸಿಕ್ಕಿತು, ಬ್ರಾಹ್ಮಣ ಸಿಗಲಿಲ್ಲ. ಮುಹೂರ್ತ ಮೀರುತ್ತಿತ್ತು. ಕೀರ್ತಿಧ್ವಜ ಸುತ್ತ ನೋಡಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು ನಿಂತಿದ್ದ ದಂಡಪಾಣಿಯ ಕಡೆ ಬೆರಳು ತೋರಿಸಿದ.

“ಇವನಿಗೂ ಜನಿವಾರ ಇದೆಯಲ್ಲ?”

ತಮಾಷೆಯೆಂದು ದಂಡಪಾಣಿ ನಕ್ಕ. “ಸರ್ಕಾರ್, ನಾನು ಅಡುಗೆಯೋನು.”

“ಒಳ್ಳೇದೇ ಆಯ್ತು. ಮಾಡಿದೋನಿಗೇ ಉಣ್ಣೋಕೆ ಹೇಸಿಗೆನಾ?”

ಉಪ್ಪು ಸರಿಯಾಗಿದೆಯೇ ಎಂದು ತಾನೇ ರುಚಿ ನೋಡಿದ್ದ ಅಡುಗೆಯನ್ನು ದಂಡಪಾಣಿ ಅತ್ತುಕೊಂಡು ಉಂಡ. ಶಾಸ್ತ್ರದ ಪ್ರಕಾರ ಆನೆ ಬೇಕು. ಸಿರ್ಮಕೋಟದ ಬೊಕ್ಕಸಕ್ಕೆ ಆನೆಯ ಬಾಲವೂ ದಕ್ಕುತ್ತಿರಲಿಲ್ಲವಾದ್ದರಿಂದ ಹೇಸರಗತ್ತೆ ತಂದರು. ರಾಜಪುರೋಹಿತ ಭವಾನಂದ ಪಂಡಿತರು ಸೇತುವೆಯ ಬಾಯಲ್ಲಿ ಬೂದಿಯ ಗೆರೆ ಎಳೆದರು. ಹೋಗುವವನ ಬೆನ್ನಿಗೆ ಒಂದೊಂದು ಹಿಡಿ ಧೂಳು ಎಸೆಯಬೇಕೆಂಬುದು ಕಟ್ಟಳೆ. ಎಲ್ಲರೂ ಎಸೆದರು. ದಂಡಪಾಣಿಯ ಸ್ವಂತ ಅಕ್ಕ ವಿಷ್ಣುಮಾಯಾ ಕೂಡ ಕಣ್ಣು ಮುಚ್ಚಿಕೊಂಡು ಎಸೆದಳು. ಕೀರ್ತಿಧ್ವಜ ಎಸೆದದ್ದು ಮಾತ್ರ ಕಲ್ಲು. ಅದು ಎಡಗಿವಿಯ ಮೇಲೆ ತಗಲಿ ಮಡಿಲಿಗೆ ಬಿತ್ತು. ಹಿಂದಿನಿಂದ ನಗು ಕೇಳಿಸಿತು.

ಸೇತುವೆಯ ನಟ್ಟನಡುವೆ, ಕೆಳಗೆ ಬೂಢಿಖೋಲಾ ಭೋರ್ಗರೆಯುತ್ತಿರಲು, ರಾಜಾಧಿರಾಜ ದಂಡಪಾಣಿ ಹೇಸರಗತ್ತೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಭೀಷಣ ಪ್ರತಿಜ್ಞೆ ಮಾಡಿದ: “ಇವನಿಗೆ ನನ್ನ ಕೈಯ ಅನ್ನ ಉಣ್ಣಿಸಿ, ಇದೇ ಸೇತುವೆ ಮೇಲಿಂದ ಹೀಗೇ ಓಡಿಸ್ತೀನಿ. ಇಲ್ದಿದ್ರೆ ನಾನು ರೇಗ್ಮಿ ವಂಶದೋನೇ ಅಲ್ಲ.” ಹೇಸರಗತ್ತೆ ಲದ್ದಿ ಹಾಕಿ ಸಾಕ್ಷಿ ನುಡಿಯಿತು.

ಹೊಳೆ ದಾಟಬೇಕು ಅಂದಿತ್ತು ಶಾಸ್ತ್ರ. ದಾಟಿ ಎಷ್ಟು ದೂರ ಹೋಗಬೇಕು ಅಂದಿರಲಿಲ್ಲ. ದಂಡಪಾಣಿ ಸೇತುವೆ ಮುಗಿದ ಮೊದಲನೆಯ ಹೆಜ್ಜೆಯಲ್ಲೇ ಒಲೆ ಹೂಡಿದ. ಗಾಳಿ ಬೀಸಿದಾಗ ಹೊಗೆ ನೇರವಾಗಿ ಕೋಟೆಯ ಕಿಟಕಿಗೆ ಹೋಗುತ್ತದೆಯೇ ಎಂದು ಎರಡು ದಿನ ಪರೀಕ್ಷೆ ಮಾಡಿ ಜಾಗ ಆರಿಸಿದ. ಅಲ್ಲಿನ ಘಾಟ್‌ಬಜಾರಿನಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಮಗರ್ ಜಾತಿಯ ವಿಧವೆ ಗಂಗಿಸರಾ ಮೊದಲು ಅವನಿಗೆ ನೀರು ಕೊಟ್ಟಳು, ಆಮೇಲೆ ಬೈದಳು, ವರ್ಷದೊಳಗೆ ಮದುವೆಯಾದಳು. ಕೋಟೆಯವರಿಗೆ ಮುಟ್ಟಬಾರದ ಅನ್ನ ಲಾರಿ ಡ್ರೈವರುಗಳಿಗೆ ಅಮೃತವಾಯಿತು. ಹೋಟೆಲಿಗೆ ದಂಡಪಾಣಿ ತಾನೇ ಬಣ್ಣ ತಂದು ಬೋರ್ಡು ಬರೆದ: ‘ಸ್ವರ್ಗೀಯ ಶ್ರೀ ಪಹಾಡಧ್ವಜ ಮಹಾರಾಜ ಭೋಜನಾಲಯ’. ಹೊರಗಿನವರು ಇದನ್ನು ರಾಜಭಕ್ತಿ ಎಂದುಕೊಂಡರು. ಬಜಾರಿನವರಿಗೆ ಗೊತ್ತಿತ್ತು, ಅದು ಮಾಲೀಕನ ಹೆಸರು.

ಕಿವಿಗೆ ತಗಲಿದ ಕಲ್ಲನ್ನು ಅವನು ಎಸೆಯಲಿಲ್ಲ. ಉಪ್ಪಿನಕಾಯಿ ಜಾಡಿಯೊಳಗೆ ಭಾರಕ್ಕೆ ಇಟ್ಟುಕೊಂಡ. ದಿನಾ ತೊಳೆಯುತ್ತಿದ್ದ, ದಿನಾ ನೋಡುತ್ತಿದ್ದ. ಹಗೆ ಮತ್ತು ಉಪ್ಪಿನಕಾಯಿ ಎರಡಕ್ಕೂ ಗಾಳಿಯಾಡಬಾರದು ಎನ್ನುತ್ತಿದ್ದ.

ಅಷ್ಟರಲ್ಲಿ ದೇಶದಲ್ಲಿ ಏನೇನೋ ಆಗಿ, ಒಂದು ದಿನ ರೇಡಿಯೋದಲ್ಲಿ ಹೇಳಿದರು: ಇನ್ನು ರಾಜರಿಲ್ಲ, ದೊಡ್ಡವರೂ ಇಲ್ಲ, ಚಿಲ್ಲರೆಯವರೂ ಇಲ್ಲ. ಬಜಾರೆಲ್ಲ ಗುಲಾಲು ಎರಚಿಕೊಂಡು ಕುಣಿಯಿತು. ದಂಡಪಾಣಿ ಒಬ್ಬನೇ ಒಲೆಯ ಮುಂದೆ ಸೂತಕದ ಮುಖ ಮಾಡಿಕೊಂಡು ಕೂತ.

“ಏನಾಯ್ತು ನಿನಗೆ? ನಿನ್ನ ವೈರಿ ಬೀದಿಗೆ ಬಿದ್ದ, ಕುಣಿಯೋ ಬದ್ಲು ಅಳ್ತೀಯಲ್ಲ” ಎಂದಳು ಗಂಗಿಸರಾ.

“ನನ್ನ ಬೇಟೆ ಕಣೇ. ಹತ್ತು ವರ್ಷದಿಂದ ಹೊಂಚು ಹಾಕಿದ್ದೆ. ಯಾರೋ ಬಂದು ಪಾರ್ಲಿಮೆಂಟಲ್ಲಿ ಹೊಡೆದ್ಬಿಟ್ರು.”

“ಅವರೇನು ಗಾಯ ಮಾಡಿದಾರೆ ಅಷ್ಟೆ. ಚರ್ಮ ಸುಲಿಯೋದು ನಿನಗೇ ಬಿಟ್ಟಿದಾರೆ, ಏಳು, ಈರುಳ್ಳಿ ಸುಲಿ.”

ಕೀರ್ತಿಧ್ವಜ ಕೋಟೆಗೆ ಬೀಗ ಹಾಕಿ ಕಾಠ್ಮಂಡುವಿಗೆ ಹೋದ. ವರ್ಷಗಳು ಕಳೆದವು. ಹೊಸ ಆಳರಸರು ಕುರ್ಚಿಯಾಟ ಆಡುತ್ತಾ, ಇವತ್ತು ಮಂತ್ರಿಯಾದವನು ನಾಳೆ ಮಾಜಿಯಾಗುತ್ತಾ, ಘಾಟ್‌ಬಜಾರಿನ ರಸ್ತೆಗೆ ಮೂರು ಸಲ ಶಂಕುಸ್ಥಾಪನೆಯಾಗಿ ಒಂದು ಸಲವೂ ಡಾಂಬರು ಬೀಳದೆ, ಜನಕ್ಕೆ ಬೇಸರ ಬಂತು. “ಇದಕ್ಕಿಂತ ರಾಜನೇ ವಾಸಿಯಿದ್ದ” ಎಂಬ ಮಾತು ಚಹಾದ ಲೋಟಗಳಲ್ಲಿ ತೇಲತೊಡಗಿತು. ಆಗ ಬಜಾರಿನಲ್ಲೆಲ್ಲ ಅತ್ಯಂತ ಉಗ್ರ ರಾಜಭಕ್ತ ಯಾರೆಂದರೆ ದಂಡಪಾಣಿ! ಬಂದ ಗಿರಾಕಿಗಳಿಗೆಲ್ಲ “ರಾಜ ಬರ್ಲೇಬೇಕು, ಇಲ್ಲೇ ಬರ್ಬೇಕು, ಹಸ್ಕೊಂಡು ಬರ್ಬೇಕು” ಎನ್ನುತ್ತಿದ್ದ. ಡ್ರೈವರುಗಳು ಕಣ್ಣು ಮಿಟುಕಿಸಿ ಇನ್ನೊಂದು ಸೌಟು ಬೇಳೆ ಹಾಕಿಸಿಕೊಳ್ಳುತ್ತಿದ್ದರು.

ಈ ವರ್ಷ ದಶೈಂ ಹಬ್ಬಕ್ಕೆ ಹದಿನೈದು ದಿನ ಇರುವಾಗ ಜೀಪಿನಲ್ಲಿ ಒಬ್ಬರು ಬಂದಿಳಿದರು. ಪುಷ್ಕರ್ ಬಾಬು, ಕೀರ್ತಿಧ್ವಜರ ಕಾರ್ಯದರ್ಶಿ, ಅಪ್ಪಟ ಕಾಠ್ಮಂಡು. ನವಮಿಯ ದಿನ ಸರ್ಕಾರ್ ಬರುತ್ತಾರೆ. ಇಲ್ಲೇ ಊಟ, ಊಟದ ಮೇಲೆ ಮೈಕಿನಲ್ಲಿ ಭಾಷಣ, ಆಮೇಲೆ ಸೇತುವೆ ದಾಟಿ ಕೋಟೆ. ಮರುದಿನ ದಶಮಿಗೆ ಹಳೆಯ ಕಾಲದಂತೆ ಪ್ರಜೆಗಳ ಹಣೆಗೆ ಟೀಕಾ ಇಡುವುದು. ಟೀಕಾಕ್ಕೆ ಕೈ ಎತ್ತಿದನೆಂದರೆ ಗದ್ದುಗೆ ಅರ್ಧ ಹತ್ತಿದಂತೆಯೇ ಎಂಬುದು ಲೆಕ್ಕ.

ಪುಷ್ಕರ್ ಬಾಬು ಬೋರ್ಡು ನೋಡಿ ಕಣ್ಣೊರೆಸಿಕೊಂಡರು. “ಎಂಥ ನಿಷ್ಠೆ! ಅಡುಗೆ ಯಾರ್ದು?”

“ನಂದೇ ಬಾಬು.”

“ಸರ್ಕಾರ್ ಕಂಡಕಂಡೋರ ಕೈ ಊಟ ಮಾಡಲ್ಲ. ಜನಿವಾರ?”

ದಂಡಪಾಣಿ ಬನಿಯನ್ನಿನೊಳಗಿಂದ ಜನಿವಾರ ಎಳೆದು ತೋರಿಸಿದ. ಅದು ಹಗ್ಗದಷ್ಟು ದಪ್ಪವಾಗಿತ್ತು.

“ಭೇಷ್. ಹೆಸ್ರೇನು?”

“ಎಲ್ರೂ ಮಹಾರಾಜ್ ದಾಯಿ ಅಂತಾರೆ.” ದಾಯಿ ಎಂದರೆ ಅಣ್ಣ, ಇಡೀ ಬಜಾರು ಅವನನ್ನು ಹಾಗೇ ಕರೆಯುತ್ತಿತ್ತು. ಅಡುಗೆಭಟ್ಟರನ್ನು ಮಹಾರಾಜ್ ಎನ್ನುವುದು ಕೆಳಗಿನ ಬಯಲುಸೀಮೆಯ ರೂಢಿಯಾದ್ದರಿಂದ ಪುಷ್ಕರ್ ಬಾಬು ಮುಂದೆ ಕೇಳಲಿಲ್ಲ. ಪಕ್ಕದ ಅಂಗಡಿಯವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಅರಮನೆಯವರು ಯಾವತ್ತು ಪಕ್ಕದ ಅಂಗಡಿಯವರನ್ನು ಕೇಳಿದ್ದಾರೆ?

ಜೀಪು ಹೋದ ಮೇಲೆ ದಂಡಪಾಣಿ ಜಾಡಿಯಿಂದ ಕಲ್ಲು ತೆಗೆದು ಹಣೆಗೊತ್ತಿಕೊಂಡ. ಗಂಗಿಸರಾ ಹೇಳಿದಳು: “ವಿಷಗಿಷ ಹಾಕ್ಬೇಡ, ನೋಡು. ಹೋಟೆಲಿಗೆ ಹೆಸರು ಕೆಡುತ್ತೆ.”

“ಹುಚ್ಚಿ! ವಿಷ ಹಾಕಿದ್ರೆ ಒಂದ್ಸಲ ಸಾಯ್ತಾನೆ. ತುಪ್ಪ ಹಾಕ್ತೀನಿ.”

ನವಮಿ ಬಂತು. ಕುರುಕ್ಷೇತ್ರದ ಮುಂಜಾವಿನಲ್ಲಿ ಯೋಧರು ಆಯುಧ ಮಸೆದಂತೆ ದಂಡಪಾಣಿ ಚಾಕು ಮಸೆದ, ಒರಳು ತೊಳೆದ, ಟಿಮುರ್ ಕಾಳಿಗೆ ಕೈಮುಗಿದ. ಗಂಗಿಸರಾ ಮೈಕಿನವನ ಕಿವಿಯಲ್ಲಿ ಏನೋ ಹೇಳಿ ಅವನಿಗೊಂದು ಮೇಕೆಯ ತೊಡೆ ಕೊಟ್ಟಳು. ಸೇತುವೆಯ ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಬಾಯಿಗಳು ಎರಡೂ ದಡದ ಕಡೆ ತಿರುಗಿದ್ದವು. ಆಚೆ ದಡದಲ್ಲಿ ಹನ್ನೊಂದು ಹಳ್ಳಿಯ ಜನ ಡೋಲು ಹಿಡಿದು ಕಾದಿದ್ದರು. ಮುಂದೆ ನೀರು ತುಂಬಿದ ತಾಮ್ರದ ಕೊಡದೊಂದಿಗೆ ವಿಷ್ಣುಮಾಯಾ, ಪಕ್ಕದಲ್ಲಿ ಎಂಬತ್ತೆರಡರ ಭವಾನಂದ ಪಂಡಿತರು. ಈಚೆ ದಡದಲ್ಲಿ ಹೂವಿನ ಹಾರ ಹಾಕಿಸಿಕೊಂಡ ಹೇಸರಗತ್ತೆಯೊಂದು ಸಿದ್ಧವಾಗಿತ್ತು. ಹಿಂದಿನದರ ಸಂತತಿಯೇ ಎಂದು ಯಾರೋ ಕೇಳಿದ್ದಕ್ಕೆ ಗಂಗಿಸರಾ, “ಹೇಸರಗತ್ತೆಗೆ ಮಕ್ಕಳಾಗಲ್ಲ ಕಣಪ್ಪಾ. ಅದಕ್ಕೇ ಅದರ ಮನೇಲಿ ಗದ್ದುಗೆ ಜಗಳ ಇಲ್ಲ” ಎಂದಳು.

ಕೀರ್ತಿಧ್ವಜ ಜೀಪಿನಿಂದ ಇಳಿದ. ಐವತ್ತಾರರ ವಯಸ್ಸು, ಬೂದು ಸೂಟು, ಹೊಟ್ಟೆ ರಾಜ್ಯಕ್ಕಿಂತ ದೊಡ್ಡದಾಗಿತ್ತು. ಬೋರ್ಡು ನೋಡಿ, “ಅಪ್ಪನ್ನ ಇನ್ನೂ ಮರ್ತಿಲ್ಲ ಜನ” ಎಂದು ಕೈಮುಗಿದ. ಕೈ ತೊಳೆದು ಕೂತ. ಮೈಕು ಊಟದ ಮೇಜಿನ ಮೇಲೆಯೇ ಇತ್ತು. ಗಂಗಿಸರಾ ಬಡಿಸಿದಳು: ಅನ್ನ, ತುಪ್ಪ, ಕರಿಬೇಳೆ, ಮೇಕೆ ಮಾಂಸ, ಒಣಸೊಪ್ಪಿನ ಗುಂದ್ರುಕ್. ಅರ್ಧ ತಟ್ಟೆ ಖಾಲಿಯಾದ ಮೇಲೆ, ಮೊದಲಲ್ಲ, ಉಪ್ಪಿನಕಾಯಿ ಹಾಕಿದಳು. ಇದು ದಂಡಪಾಣಿಯ ವ್ಯೂಹ.

ಮೊದಲನೆಯ ತುತ್ತಿಗೆ ಕೀರ್ತಿಧ್ವಜನ ಕಣ್ಣು ಮುಚ್ಚಿತು. ನಾಲಿಗೆ ಜುಮ್ಮೆಂದಿತು. ಎರಡನೆಯ ತುತ್ತಿಗೆ ಮುಖ ಹನ್ನೆರಡು ವರ್ಷದ ಹುಡುಗನ ಮುಖವಾಯಿತು. ಮೂರನೆಯ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಸುಟ್ಟ ಆಕ್ರೋಟು. ಪ್ರಪಂಚದಲ್ಲಿ ಒಬ್ಬನೇ ಹಾಗೆ ಮಾಡುತ್ತಿದ್ದ.

“ಇದು... ಇದನ್ನ ಯಾರು ಮಾಡಿದ್ದು?”

ಅಡುಗೆಮನೆಯ ಪರದೆ ಸರಿಯಿತು. ಕಪ್ಪು ಛತ್ರಿ ಬಿಚ್ಚಿಕೊಂಡು, ಪಹಾಡಧ್ವಜ ಮಹಾರಾಜರ ಅಂಗಿ, ಎರಡು ಅಳತೆ ದೊಡ್ಡದಾದ ಅವರ ಜೋಡು, ಒಂದು ಗಾಜು ಸೀಳಿದ ಅವರ ಕನ್ನಡಕ ತೊಟ್ಟು, ಅವರದೇ ಬೆತ್ತ ಕುಟ್ಟುತ್ತಾ ಸ್ವರ್ಗೀಯ ಮಹಾರಾಜರು ದರ್ಬಾರಿಗೆ ದಯಮಾಡಿಸಿದರು. ಬೆತ್ತದ ಸದ್ದಿಗೆ ಕೀರ್ತಿಧ್ವಜ ತಾನೇ ಅರಿಯದೆ ಎದ್ದು ನಿಂತ. ಆ ಬೆತ್ತ ಅವನ ಬೆನ್ನಿಗೆ ಪರಿಚಿತ.

“ಕೂತ್ಕೋ ಮಗನೇ. ಊಟದ ಮಧ್ಯೆ ಏಳ್ಬಾರ್ದು ಅಂತ ಎಷ್ಟು ಸಲ ಹೇಳಿದೀನಿ?”

“ನೀನು... ಅಡುಗೆ ದಂಡಪಾಣಿ!”

“ಅವನು ಅವತ್ತೇ ಹೋದ. ನಾನು ನಿಮ್ಮಪ್ಪ. ನೀನೇ ಅಲ್ವೇನೋ ಹೊಳೆ ದಾಟಿಸಿದ್ದು? ಕಲ್ಲು ಬೇರೆ ಹೊಡೆದೆ. ಹೆತ್ತಪ್ಪಂಗೆ!”

ಪುಷ್ಕರ್ ಬಾಬು ನುಗ್ಗಿ ಬಂದರು. “ಏಯ್, ಸರ್ಕಾರ್ ಹತ್ರ ಹೀಗಾ ಮಾತಾಡೋದು?”

“ನೀವು ಸುಮ್ನಿರಿ ಬಾಬು, ಇದು ಅಪ್ಪ-ಮಗನ ವಿಚಾರ. ಏನ್ ಮಗನೇ, ಕಾಟ್ಟೋ ಉಂಡೋನ ಕೈ ಅನ್ನ ಹೇಗಿತ್ತು?”

ಕೀರ್ತಿಧ್ವಜ ಕೈಯ ತುತ್ತು ಕೊಡವಿದ. ಮುಖ ಕೆಂಪಾಗಿ ಕೂಗಿದ: “ಮೋಸ! ಅದೆಲ್ಲ ಹಳೇ ಕಾಲದ ಗೊಡ್ಡು ನಂಬಿಕೆ. ಒಂದು ತುತ್ತು ಅನ್ನ ಉಂಡ್ರೆ, ಯಾರದೋ ಅಂಗಿ ಟೋಪಿ ಹಾಕ್ಕೊಂಡ್ರೆ ಯಾರೂ ಏನೂ ಆಗ್ಬಿಡಲ್ಲ!”

“ಏನೂ ಆಗಲ್ವಾ?”

“ಏನೂ ಆಗಲ್ಲ!”

“ಹಾಗಾದ್ರೆ ಅವತ್ತು ಆ ಗರಿ ಟೋಪಿ ಹಾಕ್ಕೊಂಡು ನೀನೂ ಏನೂ ಆಗಿಲ್ಲ, ಬಿಡು.”

ಆಗ ಕೀರ್ತಿಧ್ವಜನಿಗೆ ಒಂದು ವಿಚಿತ್ರ ತಿಳಿಯಿತು. ತನ್ನ ದನಿ ಎರಡೆರಡು ಸಲ ಕೇಳಿಸುತ್ತಿದೆ: ಒಂದು ಸಲ ಬಾಯಿಂದ, ಇನ್ನೊಂದು ಸಲ ಆಚೆ ಗುಡ್ಡಕ್ಕೆ ಬಡಿದು. ‘ಏನೂ ಆಗಲ್ಲ... ಆಗಲ್ಲ...’ ಮೈಕಿನವನು ತನ್ನ ಪೆಟ್ಟಿಗೆಯ ಪಕ್ಕ ಕೂತು ಬಹಳ ಭಕ್ತಿಯಿಂದ ಮೇಕೆಯ ಎಲುಬು ಚೀಪುತ್ತಿದ್ದ. ಆಚೆ ದಡದ ಡೋಲು ನಿಂತಿತ್ತು.

ರಾಜರಕ್ತ ಹಾಗೆಲ್ಲ ಸೋಲೊಪ್ಪುವುದಿಲ್ಲ. ಹೇಸರಗತ್ತೆ ಏರಿ ಅವನು ಸೇತುವೆಗೆ ನುಗ್ಗಿದ. ತೂಗುಸೇತುವೆ ತೂಗಾಡಿತು. ಆಚೆ ತುದಿಯಲ್ಲಿ ವಿಷ್ಣುಮಾಯಾ ಕೊಡ ಇಳಿಸದೆ, ಯಾರು ಬಂದರೂ ಕೇಳುವ ಮಾತನ್ನೇ ಕೇಳಿದಳು:

“ಭಾತ್ ಆಯ್ತಾ ಸರ್ಕಾರ್?”

ಅನ್ನ ಉಂಡಿರಾ ಎಂಬ ಈ ಮಾತಿಗೆ ಹುಟ್ಟಿದಂದಿನಿಂದ ಅವನು ಯೋಚಿಸದೆ ಹೌದೆಂದಿದ್ದ. ಇವತ್ತು ನಾಲಿಗೆ ಅಂಟಿಕೊಂಡಿತು. ಅದು ಇನ್ನೂ ಟಿಮುರಿನಿಂದ ಜುಮ್ಮೆನ್ನುತ್ತಿತ್ತು.

ಭವಾನಂದ ಪಂಡಿತರು ಆಗಲೇ ಬೂದಿ ಗೆರೆ ಎಳೆದಾಗಿತ್ತು.

“ಪಂಡಿತ ಬಾಜೆ! ನಾನು ನಿಮ್ಮ ರಾಜ!”

“ಅದೇ ತೊಂದ್ರೆ ಆಗಿರೋದು ಸರ್ಕಾರ್. ನಿಮ್ಮನ್ನ ಒಳಗೆ ಬಿಟ್ರೆ ಅವತ್ತು ದಂಡಪಾಣಿನ ಓಡಿಸಿದ್ದು ಸುಳ್ಳು ಅಂತಾಗುತ್ತೆ. ಅದು ಸುಳ್ಳಾದ್ರೆ ನೀವು ಗದ್ದುಗೆ ಹತ್ತಿದ್ದೂ ಸುಳ್ಳು. ಎರಡನ್ನೂ ಒಂದೇ ದಿನ, ಒಂದೇ ಬಾಯಲ್ಲಿ ಮಂತ್ರ ಹೇಳಿ ಮಾಡಿಸಿದ್ದು ನಾನೇ.”

ಹಿಂದೆ ನಿಂತಿದ್ದ ಪಡ್ಡೆಗಳು ಕೂಗಿದರು: “ಬನ್ನಿ ಸರ್, ಗೆರೆಗಿರೆ ನಾವು ನಂಬಲ್ಲ. ಬನ್ನಿ, ಒಂದು ಚಹಾ ಕುಡಿದು ಸೆಲ್ಫಿ ತೆಗೆಸ್ಕೊಂಡು ಹೋಗಿ.”

ಸರ್! ಬೂದಿಯ ಗೆರೆಗಿಂತ ಆ ಒಂದು ಮಾತು ಅವನನ್ನು ಹೆಚ್ಚು ಸುಟ್ಟಿತು. ಈಚೆ ದಡದಿಂದ ನೋಡುತ್ತಿದ್ದ ಗಂಗಿಸರಾ ಸೊಂಟಕ್ಕೆ ಕೈಯಿಟ್ಟು, “ಒಳಗೆ ಕರೆಯೋರಿಗೆ ರಾಜ ಬೇಡ, ರಾಜ ಬೇಕು ಅನ್ನೋರು ಒಳಗೆ ಬಿಡಲ್ಲ. ಪಾಪ, ಎಲ್ಲಿಗೆ ಹೋಗುತ್ತೆ ಅದು?” ಎಂದಳು.

ಹಿಂದಕ್ಕೆ ಹೋಗಬೇಕು. ಆದರೆ ಆ ಇಕ್ಕಟ್ಟು ಸೇತುವೆಯ ಮೇಲೆ ಹೇಸರಗತ್ತೆ ತಿರುಗಲಾರದು, ಹಿಂದು ಹಿಂದಕ್ಕೇ ಹೆಜ್ಜೆ ಇಡಬೇಕು. ಹೀಗಾಗಿ ಕೀರ್ತಿಧ್ವಜರು ಮುಖವನ್ನು ಪ್ರಜೆಗಳ ಕಡೆಗೇ ಇಟ್ಟುಕೊಂಡು, ಕ್ಷತ್ರಿಯಧರ್ಮದಂತೆ ಬೆನ್ನು ತೋರಿಸದೆ, ನೂರಿಪ್ಪತ್ತು ಗಜ ಪಲಾಯನ ಮಾಡಿದರು. ಇಂಥ ಘನತೆಯ ಸೋಲನ್ನು ಆ ಹೊಳೆ ಹಿಂದೆ ಕಂಡಿರಲಿಲ್ಲ. ನಗು ಎರಡೂ ದಡದಿಂದ ಬಂತು.

ಈ ತುದಿಯಲ್ಲಿ ದಂಡಪಾಣಿ ಕಾದಿದ್ದ. ಛತ್ರಿ ಮಡಿಸಿ ಕೀರ್ತಿಧ್ವಜನ ಕಂಕುಳಿಗೆ ಸಿಕ್ಕಿಸಿದ, ಜೋಡು ಬಿಚ್ಚಿ ಮಡಿಲಿಗೆ ಹಾಕಿದ, ಕನ್ನಡಕ ಜೇಬಿಗೆ ಇಳಿಬಿಟ್ಟ. “ಹೊರಟೋನಿಗೆ ಕೊಡ್ಬೇಕಾದ್ದು. ಇನ್ಮೇಲೆ ನೀನೇ ಇಟ್ಕೋ ನಿಮ್ಮಪ್ಪನ್ನ.” ಆಮೇಲೆ ಜೇಬಿನಿಂದ ಕಲ್ಲು ತೆಗೆದ. ಇಪ್ಪತ್ತಾರು ವರ್ಷ ಉಪ್ಪುಖಾರ ಉಂಡು ಅದು ಕರ್ರಗೆ ಹೊಳೆಯುತ್ತಿತ್ತು. ಕೀರ್ತಿಧ್ವಜ ಅದನ್ನು ಗುರುತಿಸಿದ. ಕೈ ತಾನಾಗಿ ಎಡಗಿವಿಗೆ ಹೋಯಿತು.

ದಂಡಪಾಣಿ ಕಲ್ಲನ್ನು ಒಂದು ಗಳಿಗೆ ತೂಗಿ ನೋಡಿದ. ಆಹಾ, ಆ ಕಿವಿ ಎಷ್ಟು ಹತ್ತಿರದಲ್ಲಿತ್ತು! ಕೀರ್ತಿಧ್ವಜ ಕಣ್ಣು ಮುಚ್ಚಿಕೊಂಡು ಕುಗ್ಗಿದ್ದನ್ನು ಸಾವಕಾಶವಾಗಿ, ಚಪ್ಪರಿಸಿಕೊಂಡು ನೋಡಿದ. ಆಮೇಲೆ ಕಲ್ಲನ್ನು ಜೇಬಿಗಿಳಿಸಿ, ಬಗ್ಗಿ ನೆಲದಿಂದ ಒಂದು ಹಿಡಿ ಧೂಳು ತೆಗೆದು ಆ ಬೂದು ಸೂಟಿನ ಮೇಲೆ ಎಸೆದ.

“ಶಾಸ್ತ್ರದಲ್ಲಿರೋದು ಧೂಳು. ನಾನು ಶಾಸ್ತ್ರ ಮೀರೋನಲ್ಲ. ಕಲ್ಲು ಉಪ್ಪಿನಕಾಯಿಗೆ ಬೇಕು.”

ಜೀಪು ಧೂಳೆಬ್ಬಿಸಿಕೊಂಡು ಹೋದ ಮೇಲೆ ಅವನು ಕೀರ್ತಿಧ್ವಜ ಬಿಟ್ಟುಹೋದ ತಟ್ಟೆಯನ್ನು ತಾನೇ ತೊಳೆದ, ಹಾಡುತ್ತಾ ತೊಳೆದ. ಆದರೂ ಗಂಗಿಸರಾ ಗಮನಿಸಿದಳು, ಆಗಾಗ ಸೇತುವೆಯ ಆಚೆ ತುದಿ ನೋಡುತ್ತಿದ್ದ. ಧೂಳು ಎಸೆದವರಲ್ಲಿ ಒಬ್ಬರ ಲೆಕ್ಕ ಇನ್ನೂ ಉಳಿದಿತ್ತು.

ಮರುದಿನ ದಶಮಿ. ಟೀಕಾದ ಮುಹೂರ್ತ ಹತ್ತು ಗಂಟೆ ನಲವತ್ತೇಳು ನಿಮಿಷಕ್ಕೆ. ಹತ್ತೂವರೆಗೆ ಸೇತುವೆಯ ಮೇಲೆ ಒಂದು ಕೆಂಪು ಸೀರೆ ತೂಗಾಡುತ್ತಾ ಬಂತು. ಎಪ್ಪತ್ತರ ವಿಷ್ಣುಮಾಯಾ, ತಟ್ಟೆಯಲ್ಲಿ ಟೀಕಾಕ್ಕೆ ಮೊಸರು, ಕುಂಕುಮ ಕಲಸಿದ ಅಕ್ಕಿ, ಹಳದಿ ಜವೆಮೊಳಕೆ. ಬೂದಿಯ ಗೆರೆಯನ್ನು ಹೇಗೆ ದಾಟಿದಳೋ, ಪಂಡಿತರು ಏನೆಂದರೋ ತಿಳಿಯದು. ಹೋಟೆಲಿನ ಮೆಟ್ಟಿಲ ಮುಂದೆ ನಿಂತಳು.

“ಏನ್ ದಿದಿ, ದಾರಿ ತಪ್ಪಿತಾ?” ಎಂದ ದಂಡಪಾಣಿ, ಒಲೆಯಿಂದ ತಲೆಯೆತ್ತದೆ.

“ಅನ್ನ ಉಂಡ್ರೆ ಏನೂ ಆಗಲ್ಲ ಅಂತ ರಾಜರೇ ಮೈಕಲ್ಲಿ ಹೇಳಿದ್ರಲ್ಲ ಭಾಯಿ. ರಾಜಾಜ್ಞೆ. ಮೀರೋಕಾಗುತ್ತಾ?”

ಹನ್ನೊಂದು ಹಳ್ಳಿಯಲ್ಲಿ ಕೀರ್ತಿಧ್ವಜರ ಮಾತನ್ನು ಯಾರಾದರೂ ಆಜ್ಞೆಯೆಂದು ಪಾಲಿಸಿದ್ದು ಅದೇ ಮೊದಲು, ಅದೇ ಕೊನೆ.

“ಹಣೆ ಕೊಡು, ಮುಹೂರ್ತ ಮೀರುತ್ತೆ” ಎಂದಳು. ದಂಡಪಾಣಿ ಹಣೆ ಕೊಟ್ಟ. ಅಕ್ಕಿ ತಣ್ಣಗಿತ್ತು. ಅವಳ ಹೆಬ್ಬೆರಳು ಹಣೆಯಿಂದ ಜಾರಿ ಎಡಗಿವಿಯ ಮೇಲಿನ ಗಾಯದ ಗುರುತಿಗೆ ಹೋಗಿ ಅಲ್ಲೇ ನಿಂತಿತು.

“ಹಸಿವಾಗಿದೆ. ಭಾತ್ ಹಾಕು.”

ದಂಡಪಾಣಿ ಮೂಗು ಸೀಟಿ, ಸೌಟು ಕೈಗೆತ್ತಿಕೊಂಡು, ಗೋಡೆಯ ಗಡಿಯಾರ ನೋಡಿದ.

“ಹಾಕ್ತೀನಿ. ನಾನು ಇಪ್ಪತ್ತಾರು ವರ್ಷ ಕಾದಿದೀನಿ. ನೀನು ಇಪ್ಪತ್ತಾರು ನಿಮಿಷ ಕಾಯಿ. ಬೆಂಚು ಹೊರಗಿದೆ.”

“ಹೊರಗಾ? ಬಿಸಿಲಲ್ಲಾ? ಅಕ್ಕ ಕಣೋ ನಾನು, ದರಿದ್ರದವನೇ!”

“ಇಪ್ಪತ್ತೇಳು ಮಾಡ್ಲಾ?”

ವಿಷ್ಣುಮಾಯಾ ಅವನ ಅಪ್ಪ, ಅಜ್ಜ, ಇಡೀ ರೇಗ್ಮಿ ವಂಶವನ್ನು, ಎಂದರೆ ತನ್ನನ್ನೂ ಸೇರಿಸಿ, ಬಯ್ಯುತ್ತಾ ಹೊರಗಿನ ಬೆಂಚಿನ ಮೇಲೆ ಲಾರಿ ಡ್ರೈವರುಗಳ ನಡುವೆ ಕೂತಳು. ಒಳಗೆ ದಂಡಪಾಣಿ ಗಡಿಯಾರಕ್ಕೆ ಬೆನ್ನು ಹಾಕಿ ನಿಂತು, ಹೊಸ ಆಕ್ರೋಟನ್ನು ಕೆಂಡದಲ್ಲಿ ಸುಡತೊಡಗಿದ.